ಆಟದೊಳಗೆ ಕೇಳಿದ ಚರಗಿಯ ಸಪ್ಪಳ

ನಮ್ಮ ಮನೆಯಲ್ಲಿ ದೆವ್ವ, ದೃಷ್ಟಿ, ಶಕುನಗಳ ಮಾತೇ ಇಲ್ಲ. ಅಜ್ಜ ಡಾಬಕಾ ಎಂಬ ಹಳ್ಳಿಯಲ್ಲಿದ್ದಾಗ ಬೌದ್ಧ ಧಮ್ಮ ಸ್ವೀಕರಿಸಿದ ದಿನವೇ ಅವನ್ನೆಲ್ಲ ಹೊಸ್ತಿಲಿನಾಚೆ ಬಿಟ್ಟರಂತೆ. ಅಪ್ಪ ಆ ನಿಲುವನ್ನು ಇನ್ನೂ ಬಿಗಿಯಾಗಿ ಹಿಡಿದವರು. ಬೀದರದ ನಮ್ಮ ಮನೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟುವುದಿರಲಿ, ಬೆಕ್ಕು ಅಡ್ಡ ಬಂತೆಂದು ಯಾರಾದರೂ ಒಂದು ಗಳಿಗೆ ನಿಂತರೂ ಸಿಟ್ಟಾಗುತ್ತಾರೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಯಾರಾದರೂ ವಿಚಿತ್ರ ಅನುಭವ ಹೇಳಿದರೆ ಸುಮ್ಮನೆ ಕೇಳಿ, ಮನಸ್ಸಿನಲ್ಲೇ ಅದಕ್ಕೊಂದು ಕಾರಣ ಹುಡುಕುತ್ತಿದ್ದೆ. ಹೆಚ್ಚಾಗಿ ಸಿಗುತ್ತಿತ್ತು. ಈ ಒಂದಕ್ಕೆ ಮಾತ್ರ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆಯ ಒಂದು ಮಧ್ಯಾಹ್ನ. ಅಪ್ಪ ಕಚೇರಿಗೆ ಹೋಗಿದ್ದರು, ಅಮ್ಮ ಶಿಕ್ಷಕರ ತರಬೇತಿಗೆಂದು ಭಾಲ್ಕಿಗೆ. ಮನೆಯಲ್ಲಿದ್ದವರು ನಾನು ಮತ್ತು ಆಯಿ, ಅಂದರೆ ಅಪ್ಪನ ತಾಯಿ. ಆಯಿಗೆ ಸಕ್ಕರೆ ಕಾಯಿಲೆ, ಜತೆಗೆ ಮೊಣಕಾಲು ನೋವು. ಏನಾದರೂ ಬೇಕಾದರೆ ಅವಳು ಕೂಗುವುದಿಲ್ಲ. ತಲೆದೆಸೆಯಲ್ಲಿಟ್ಟ ಸ್ಟೀಲ್ ಚರಗಿಯನ್ನು, ಅಂದರೆ ನೀರಿನ ತಂಬಿಗೆಯನ್ನು, ಕಬ್ಬಿಣದ ಮಂಚದ ಕಾಲಿಗೆ ಬಡಿಯುತ್ತಾಳೆ. ಎರಡು ಸಲ ಬೇಗ ಬೇಗ, ಸ್ವಲ್ಪ ತಡೆದು ಇನ್ನೊಮ್ಮೆ. "ಬಾಯಿ ಯಾಕ ನೋಯಿಸ್ಕೊಳ್ಳಲಿ, ಚರಗಿ ಅದ ಅಲ್ಲ" ಎನ್ನುತ್ತಾಳೆ. ಆ ಸಪ್ಪಳ ಮಾಳಿಗೆಯ ಮೇಲಿನ ನನ್ನ ಕೋಣೆಗೂ ಕೇಳುತ್ತದೆ.

ಆಯಿ ಉಂಡು, ಮಾತ್ರೆ ನುಂಗಿ ಮಲಗಿದ ಮೇಲೆ ನಾನು ಮೇಲೆ ಹೋದೆ. ನಾನು ಬಂದೂಕಿನ ಆಟ ಆಡುತ್ತೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಿಯಾಯಿತಿಯಲ್ಲಿ ಕೊಂಡು ಆಡದೆ ಬಿಟ್ಟ ಆಟಗಳು ನನ್ನ ಲ್ಯಾಪ್‌ಟಾಪಿನಲ್ಲಿ ಸಾಲುಗಟ್ಟಿದ್ದವು. ಅಂದು ತೆರೆದದ್ದು ಅವುಗಳಲ್ಲಿ ಬಹಳ ಹಳೆಯದು. ನಮ್ಮ ಊರಿನಂಥದೇ ಕೆಂಪು ಮಣ್ಣು, ಕೊನೆಯಿಲ್ಲದ ಒಣ ಬಯಲು, ಅಲ್ಲಲ್ಲಿ ಕಾವಲು ಠಾಣೆಗಳು. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು, ಯಾಕೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ನನಗೆ ಹಿಡಿಸಿದ್ದು ಅದೇ.

ಅಲ್ಲಿಯವರೆಗಿನ ಆಟವನ್ನು ಸೇವ್ ಮಾಡಿಕೊಳ್ಳಲು ದಾರಿಯಲ್ಲಿ ಕಂಡ ಒಂದು ತಗಡಿನ ಗುಡಿಸಲು ಹೊಕ್ಕೆ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಹೊರಡಲು ನೋಡಿದರೆ ತೆರೆಯಲಿಲ್ಲ. ಹಳೆಯ ಆಟಗಳಲ್ಲಿ ಇಂಥ ದೋಷ ಹೊಸದಲ್ಲ. ಒಳಗೇ ಸುತ್ತಿದೆ, ಗುಂಡು ಹಾರಿಸಿದೆ, ಜಿಗಿದೆ. ಉಪಯೋಗವಾಗಲಿಲ್ಲ. ಆಗ ಹೆಡ್‌ಫೋನಿನಲ್ಲಿ ಆ ಸಪ್ಪಳ ಕೇಳಿಸಿತು. ಎರಡು ಬೇಗ ಬೇಗ, ತಡೆದು ಇನ್ನೊಂದು.

ಆಯಿ ಕರೆಯುತ್ತಿದ್ದಾಳೆಂದು ಹೆಡ್‌ಫೋನ್ ತೆಗೆದೆ. ಕೂಲರಿನ ಗುರುಗುಡುವಿಕೆ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಹಾಕಿಕೊಂಡೆ, ಸಪ್ಪಳ ಇತ್ತು. ಆಟದೊಳಗೆ ಎಡಕ್ಕೆ ತಿರುಗಿದರೆ ಅದು ಬಲಗಿವಿಗೆ ಬಂತು, ಬಲಕ್ಕೆ ತಿರುಗಿದರೆ ಎಡಗಿವಿಗೆ. ಆಟದ ಸದ್ದುಗಳು ಹೇಗೆ ಜಾಗ ಬದಲಿಸುತ್ತವೆಯೋ ಹಾಗೆಯೇ. ಗುಡಿಸಲಿನ ಒಂದು ಮೂಲೆಯಲ್ಲಿ, ನೆಲದ ಕೆಳಗಿನಿಂದ ಬರುತ್ತಿದ್ದಂತಿತ್ತು.

ಒಮ್ಮೆ ಕೆಳಗೆ ನೋಡಿ ಬರೋಣವೆಂದು ಎದ್ದು ಕೋಣೆಯ ಬಾಗಿಲು ಎಳೆದೆ. ಅದೂ ತೆರೆಯಲಿಲ್ಲ.

ನಮ್ಮ ಓಣಿಯಲ್ಲಿ ಮಂಗಗಳ ಕಾಟ ಹೆಚ್ಚು. ಮಾಳಿಗೆಯ ಮೇಲೆ ಚಿಲಕ ಹಾಕದೆ ಬರಿದೇ ಮುಂದೆ ಮಾಡಿದ ಬಾಗಿಲು ಕಂಡರೆ ಯಾರೇ ಆಗಲಿ ಹೊರಗಿನ ಕೊಂಡಿ ಹಾಕಿ ಹೋಗುತ್ತಾರೆ. ಪಕ್ಕದ ಮನೆಯ ಕಾಕು ಅಂದು ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದ್ದರು. ಅವರು ಬಂದು ಹೋದದ್ದು ಹೆಡ್‌ಫೋನಿನಿಂದಾಗಿ ನನಗೆ ಕೇಳಿಸಿರಲಿಲ್ಲ. ಇಷ್ಟಕ್ಕೆಲ್ಲ ಕಾರಣ ಇದೆ, ಅದರಲ್ಲಿ ವಿಚಿತ್ರವೇನಿಲ್ಲ.

ಫೋನು ಕೆಳಗೆ ಚಾರ್ಜಿಗಿತ್ತು. ಕಿಟಕಿಗೆ ಮಂಗಗಳು ಬಾರದಂತೆ ಹೊಡೆಸಿದ ನೈಲಾನ್ ಜಾಳಿಗೆ. "ಕಾಕು, ಕಾಕು" ಎಂದು ಕೂಗಿದೆ. ಆ ಬಿಸಿಲಿಗೆ ಓಣಿಯಲ್ಲಿ ಯಾರೂ ಇರಲಿಲ್ಲ, ಎಲ್ಲ ಮನೆಗಳಲ್ಲೂ ಕೂಲರು. ಬಾಗಿಲನ್ನು ಭುಜದಿಂದ ನೂಕಿದೆ, ಒದ್ದೆ. ಮೈಯೆಲ್ಲ ಬೆವರಿ, ಉಸಿರು ಸಾಲದಂತಾಯಿತು. ನಾನು ಹಾಗೇಕೆ ಮಾಡಿದೆನೋ ಗೊತ್ತಿಲ್ಲ, ಮೇಜಿನ ಹತ್ತಿರ ಹೋಗಿ ಹೆಡ್‌ಫೋನನ್ನು ಒಂದು ಕಿವಿಗೆ ಹಿಡಿದೆ. ಸಪ್ಪಳ ಇನ್ನೂ ಇತ್ತು. ಆದರೆ ಮೆಲ್ಲಗಾಗಿತ್ತು. ಬಡಿತಗಳ ನಡುವಿನ ತಡೆ ಉದ್ದವಾಗುತ್ತ ಹೋಗಿತ್ತು.

ಆಗ ನಿಜವಾಗಿ ಹೆದರಿದೆ. ಕತ್ತರಿಯಿಂದ ಜಾಳಿಗೆಯ ಮೂಲೆ ಕತ್ತರಿಸಿ, ಕಿಟಕಿ ಪರದೆಯ ಸರಳನ್ನು ಹೊರಗೆ ತೂರಿಸಿದೆ. ಕೊಂಡಿ ಎಟುಕಲಿಲ್ಲ. ಎಟುಕಿದ್ದು ಹಪ್ಪಳದ ಬಟ್ಟೆ ಹಾರದಂತೆ ಅಂಚಿಗೆ ಇಟ್ಟಿದ್ದ ತಗಡು. ಅದನ್ನೇ ಬಡಿಯತೊಡಗಿದೆ. ನನ್ನ ಕೂಗು ಕೇಳದ ಕಾಕುವಿಗೆ ಆ ಸದ್ದು ಕೇಳಿತು. ಕೋಲು ಹಿಡಿದು ಹೊರಗಿನ ಮೆಟ್ಟಿಲು ಹತ್ತುತ್ತಲೇ, "ಬಂದಾವ ನೋಡು, ನನ್ನ ಹಪ್ಪಳಕ್ಕೇ ಹುಟ್ಟ್ಯಾವ ಇವು" ಎಂದು ಬೈಯುತ್ತಿದ್ದರು.

ಕೊಂಡಿ ತೆಗೆದು ನನ್ನನ್ನು ಕಂಡು ನಿಂತೇಬಿಟ್ಟರು. "ಅಯ್ಯ, ನೀ ಒಳಗೇ ಇದ್ದಿ ಏನು? ಮಂಗ್ಯಾ ಹೊಗ್ತಾವಂತ ನಾನೇ ಹಾಕಿದ್ನಲ್ಲ. ಒಂದ್ಮಾತು ಒದರಬಾರದೇನು?"

ಅವರನ್ನು ದಾಟಿ ಕೆಳಗೆ ಓಡಿದೆ. ಆಯಿ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಸೀರೆ ಬೆವರಿನಲ್ಲಿ ತೊಯ್ದಿತ್ತು, ಕಣ್ಣುಗಳು ಅರೆ ತೆರೆದಿದ್ದವು. ಸಕ್ಕರೆ ಇಳಿದುಹೋಗಿದೆ ಎಂದು ತಿಳಿಯಿತು. ನೀರಿಗೆ ಸಕ್ಕರೆ ಕಲಸಲು ಅಡುಗೆಮನೆಗೆ ಹೋದಾಗ ಚರಗಿ ಕಂಡಿತು. ತೊಳೆದ ಪಾತ್ರೆಗಳ ಬುಟ್ಟಿಯಲ್ಲಿ, ಬೋರಲಾಗಿ. ಊಟದ ನಂತರ ಅಲ್ಲಿಟ್ಟವಳು ನಾನೇ. ಆಯಿಯ ತಲೆದೆಸೆಯಲ್ಲಿ ಬಡಿಯಲು ಏನೂ ಇರಲಿಲ್ಲ.

ಆಯಿ ಉಳಿದಳು. ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರ್ ಹೇಳಿದರು, ಅದನ್ನಿಲ್ಲಿ ಬರೆಯಲಾರೆ. ಹೇಗೆ ಗೊತ್ತಾಯಿತೆಂದು ಅಪ್ಪ ಕೇಳಿದರು. "ಚಹಾ ಮಾಡೋಣಂತ ಕೆಳಗ ಬರೋಳಿದ್ದೆ, ಕೊಂಡಿ ಬಿದ್ದಿತ್ತು" ಎಂದೆ. ಅಪ್ಪನಿಗೆ ಅದು ಸಾಕಾಯಿತು.

ಮರುದಿನ ಆಯಿಯ ತಲೆ ಬಾಚುವಾಗ ಅವಳಿಗೊಬ್ಬಳಿಗೇ ನಿಜ ಹೇಳಿದೆ.

"ಚರಗಿ ಎಲ್ಲಿತ್ತವ್ವ? ಕೈ ಆಡ್ಸಿ ಆಡ್ಸಿ ನೋಡ್ದೆ, ಸಿಗಲಿಲ್ಲ. ಕಡೀಕ ಬರೇ ಮನಸಿನ್ಯಾಗ ಬಡಕೋಂತ ಬಿದ್ದಿದ್ದೆ" ಎಂದಳು. ಆಮೇಲೆ, "ನಿಮ್ಮಪ್ಪನ ಮುಂದ ಹೇಳಬ್ಯಾಡ. ನಮ್ಮಿಬ್ರನ್ನೂ ಕುಂಡ್ರಿಸಿ ಭಾಷಣ ಮಾಡ್ತಾನ."

ಆ ಸಪ್ಪಳ ನನ್ನ ನೆನಪಿನಲ್ಲಿ ಇದ್ದದ್ದೇ, ಸೆಕೆಗೆ ಮೆದುಳು ಅದನ್ನೇ ನುಡಿಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೊತ್ತಿಗೇ ಯಾಕೆ, ಮೆಲ್ಲಗಾಗುತ್ತ ಹೋದದ್ದು ಯಾಕೆ ಎಂಬಲ್ಲಿಗೆ ಬಂದು ನಿಲ್ಲುತ್ತೇನೆ.

ಕೆಲವು ವಾರಗಳ ನಂತರ ಆಟವನ್ನು ಮತ್ತೆ ತೆರೆದೆ. ಅದೇ ಗುಡಿಸಲು. ಬಾಗಿಲು ಮೊದಲ ಸಲಕ್ಕೇ ತೆರೆಯಿತು. ಹೊರಗೆ ಬಿಸಿಲು, ಕೆಂಪು ರಸ್ತೆ, ಎಲ್ಲಿಗೆ ಬೇಕಾದರೂ ಹೋಗಬಹುದಾದ ಬಯಲು. ಆ ಮೂಲೆಯಲ್ಲಿ ನಿಂತು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಆದರೂ ಹೆಡ್‌ಫೋನ್ ತೆಗೆದಿಟ್ಟು ಕೆಳಗೆ ಹೋಗಿ, ಆಯಿಯ ತಲೆದೆಸೆಯಲ್ಲಿ ಚರಗಿ ಇದೆಯೇ ಎಂದು ನೋಡಿಕೊಂಡೆ.

ಈಗಲೂ ಆಗಾಗ ಆ ಆಟ ತೆರೆಯುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಆದರೂ ಆ ಮೂಲೆಯಲ್ಲೇ ನಿಂತು ಸಪ್ಪಳಕ್ಕೆ ಕಿವಿಗೊಡುತ್ತೇನೆ. ಆ ಗುಡಿಸಲಿನಿಂದ ನಾನಿನ್ನೂ ಹೊರಗೆ ಬಂದಿಲ್ಲ.