ಯಂತ್ರದೊಳಗಿದ್ದವನು ನಾನು

ಬಿಜಾಪುರದ ಕಡೆಯ ಇಂಡಿ ಊರಿನ ನಿಂಬೆಹಣ್ಣಿನ ಪೇಟೆಯಲ್ಲಿ ದಸ್ತಗೀರಸಾಬನನ್ನು ಇವತ್ತಿಗೂ ಕಿವುಡ ದಸ್ತಗೀರ ಎಂದೇ ಕರೆಯುತ್ತಾರೆ. ಅವನ ಕಿವಿಗೆ ಏನೂ ಆಗಿರಲಿಲ್ಲ. ಅವನು ಕಿವುಡನೆಂದು ಊರನ್ನು ನಂಬಿಸಿದವನು, ಅದಕ್ಕಿಂತ ಹೇಯವೆಂದರೆ ಅವನನ್ನೇ ನಂಬಿಸಿದವನು, ನಾನು. ಹೇಗೆಂಬುದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲು ಹೊರಡುತ್ತಿದ್ದೆ — ಕಾಗದ ಹರಿದು ಒಲೆಗೆ ಹಾಕುತ್ತಿದ್ದೆ.

ಅರವತ್ತರ ದಶಕದ ಕೊನೆಯ ಮಾತು. ಇಂಡಿಗೆ ವರ್ಗವಾಗುವ ಮೊದಲು ನಾನು ಮುದ್ದೇಬಿಹಾಳದಲ್ಲಿ ಸಾಲಿ ಮಾಸ್ತರನಾಗಿದ್ದೆ. ನಮ್ಮ ಓಣಿಯಲ್ಲೇ ಅಣೆಕಟ್ಟಿನ ಕೆಲಸದ ಎಂಜಿನಿಯರೊಬ್ಬರು ಬಿಡಾರ ಮಾಡಿದ್ದರು. ತರಬೇತಿಗೆಂದು ಅಮೆರಿಕಕ್ಕೆ ಹೋಗಿ ಆಗಷ್ಟೇ ಮರಳಿದವರು. ಅಲ್ಲಿ ಮನೆಮನೆಯಲ್ಲೂ ಟೆಲಿವಿಷನ್ ಎಂಬ ಪೆಟ್ಟಿಗೆ ಇರುತ್ತದೆ, ಅದರಲ್ಲಿ ವಾರಕ್ಕೊಮ್ಮೆ ಒಂದು ಕಥೆ ಬರುತ್ತದೆ ಎಂದು ಅವರು ಕಟ್ಟೆಯ ಮೇಲೆ ಕೂತು ಹೇಳಿದರು. ಒಂದು ಹಡಗು. ನೀರಿನದಲ್ಲ, ನಕ್ಷತ್ರಗಳ ನಡುವೆ ತೇಲುವ ಹಡಗು. ಅದರಲ್ಲಿ ಕರಿಯರು, ಬಿಳಿಯರು, ನಮ್ಮ ಕಡೆಯ ಬಣ್ಣದವರು ಒಟ್ಟಿಗೆ ಕೂತು ಕೆಲಸ ಮಾಡುತ್ತಾರೆ. ವಾರ ವಾರ ಒಂದು ಹೊಸ ಲೋಕಕ್ಕೆ ಇಳಿಯುತ್ತಾರೆ. ಯುದ್ಧಕ್ಕಲ್ಲ, ನೋಡಿ ತಿಳಿಯುವುದಕ್ಕೆ.

ನನಗೆ ಹುಚ್ಚೇ ಹಿಡಿಯಿತು. ಎಂಜಿನಿಯರರಿಗೆ ಕಥೆ ಅರ್ಧ ನೆನಪಿರುತ್ತಿತ್ತು, ಅರ್ಧ ಮರೆತಿರುತ್ತಿತ್ತು. ಮರೆತ ಅರ್ಧವನ್ನು ನಾನೇ ತುಂಬಿಕೊಂಡೆ. ಆ ಪೆಟ್ಟಿಗೆಯನ್ನು ಕಣ್ಣಿಂದ ಕಾಣದ ನಾನು, ಇಂಡಿಗೆ ಬಂದ ವರ್ಷ 'ನಕ್ಷತ್ರ ನಾವೆ' ಎಂಬ ನಾಟಕ ಬರೆದುಬಿಟ್ಟೆ.

ಊರಿನ ತರುಣರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಹೇಗೋ ಅವರನ್ನು ಒಪ್ಪಿಸಿದೆ. ಆಗ ಶುರುವಾಯಿತು ನೋಡಿ ನನ್ನ ತಲೆನೋವು. ಹಾರ್ಮೋನಿಯಂ ಪೇಟಿ ಬಾರಿಸುವ ಗುರುಪಾದಪ್ಪ ಮೊದಲ ದಿನವೇ ಕೇಳಿದ, "ಮಾಸ್ತರ್, ಹಾಡು ಎಲ್ಲೆದಾವ್ರಿ? ಹಾಡಿಲ್ಲಂದ್ರ ಮಂದಿ ಕುಂಡ್ರಾಂಗಿಲ್ಲ." ಚಂದ್ರನ ಬಳಿ ಹಾಯುವಾಗ ಒಂದು, ಹಡಗಿಗೆ ಬೆಂಕಿ ಹತ್ತಿದಾಗ ಒಂದು — ಬೆಂಕಿ ಹತ್ತಿದಾಗ ಯಾರಾದರೂ ಹಾಡುತ್ತಾರೆಯೇ? ಹಾಡಿಸಿದ. ಹಡಗಿಗೆ ಎತ್ತು ಎಷ್ಟು ಜೋಡಿ ಕಟ್ಟುತ್ತೀರಿ ಎಂದು ಚಹಾದ ಅಂಗಡಿಯಲ್ಲಿ ಚೇಷ್ಟೆ ಮಾಡಿದರು. ಹಲ್ಲು ಕಚ್ಚಿ ತಾಲೀಮು ನಡೆಸಿದೆ.

ನಾಯಕನ ಪಾತ್ರ ದಸ್ತಗೀರನದು. ನಿಂಬೆಹಣ್ಣಿನ ಹರಾಜಿನಲ್ಲಿ ಸವಾಲು ಕೂಗುತ್ತಿದ್ದ ಹುಡುಗ, ಇಪ್ಪತ್ತು ದಾಟಿರಬೇಕು. ದನಿ ಎತ್ತಿದರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ಸಾಲಿ ಮೂರನೆಯ ಇಯತ್ತೆಗೇ ಬಿಟ್ಟವನು. ಓದಲು ತಡವರಿಸುತ್ತಿದ್ದ, ಆದರೆ ಕೇಳಿದ್ದನ್ನು ಬಿಡುತ್ತಿರಲಿಲ್ಲ. ನಾನು ಓದಿ ಹೇಳುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳಿ ಮಾತು ಕಲಿಯುತ್ತಿದ್ದ. ಉದ್ದ ಮಾತಿದ್ದರೆ ಆಟದ ಹೊತ್ತಿಗೆ ಮೊದಲ ಪದ ಹೇಳಿಕೊಟ್ಟರೆ ಸಾಕು, ಮುಂದಿನದು ತಾನಾಗಿ ಹರಿಯುತ್ತಿತ್ತು.

ಹೇಳಿಕೊಡುವುದಕ್ಕೊಂದು ಉಪಾಯವನ್ನೂ ಮಾಡಿದ್ದೆ. ಚಹಾದ ಕಟ್ಟಿಗೆ ಪೆಟ್ಟಿಗೆಗಳನ್ನು ಜೋಡಿಸಿ, ಬೇಗಡೆ ಅಂಟಿಸಿ, ಸೈಕಲ್ಲಿನ ದೀಪ ಸಿಕ್ಕಿಸಿ ಹಡಗಿನ ಯಂತ್ರ ಕಟ್ಟಿದೆವು. ಅದರೊಳಗೆ ನಾನು ಕೂರುವುದು. ನಾಯಕ ಏನೋ ಲೆಕ್ಕ ನೋಡುವವನಂತೆ ಯಂತ್ರದ ಕಡೆ ಬಗ್ಗಿದಾಗ ನಾನು ಒಳಗಿನಿಂದ ಪದ ಉಸುರುವುದು. ಆ ಉಪಾಯಕ್ಕೆ ನಾನೇ ಹಿಗ್ಗಿದ್ದೆ.

ಆದರೆ ದಸ್ತಗೀರ ನನ್ನ ಮಾತುಗಳನ್ನು ಇದ್ದ ಹಾಗೆ ಆಡುತ್ತಿರಲಿಲ್ಲ. ಅದೇ, ಅದೇ ನನ್ನನ್ನು ಸುಡುತ್ತಿತ್ತು. ಬೇರೆ ಲೋಕದ ಜೀವಿ ಎದುರು ಬಂದರೆ ನಾನು ಬರೆದದ್ದು "ಅಪರಿಚಿತ ಜೀವಿಯೇ, ನಮಸ್ಕಾರ" ಎಂದು. ಅವನು ಹೇಳುತ್ತಿದ್ದುದು "ಬರ್ರಿ ಬರ್ರಿ, ಊಟ ಆತೇನ್ರಿ?" ತಾಲೀಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಬೈದರೆ, "ತಪ್ಪಾತ್ರಿ ಮಾಸ್ತರ್" ಎಂದು ಕಿವಿ ಹಿಡಿದುಕೊಳ್ಳುತ್ತಿದ್ದ. ಮರುದಿನ ಮತ್ತೆ ಅದೇ.

ಕೊನೆಗೆ ಅವನನ್ನು ಒಬ್ಬನೇ ಕೂರಿಸಿಕೊಂಡೆ. ಕಡೆಯ ಅಂಕದಲ್ಲಿ ನಾಯಕ ಆಡುವ ದೊಡ್ಡ ಮಾತಿತ್ತು — "ನಾವು ಭೂಮಿಯ ಮನುಷ್ಯರು. ಗೆಲ್ಲಲು ಬಂದವರಲ್ಲ, ತಿಳಿಯಲು ಬಂದವರು..." ನಾನು ನಾಟಕ ಬರೆದದ್ದೇ ಆ ಮಾತಿಗಾಗಿ. ಉಳಿದದ್ದನ್ನು ಏನಾದರೂ ಮಾಡಿಕೋ, ಈ ಒಂದು ಮಾತಿನಲ್ಲಿ ಒಂದಕ್ಷರ ಆಚೀಚೆ ಆಗಕೂಡದು ಎಂದೆ. ಅವನು ನನ್ನ ಕೈಮೇಲೆ ಕೈಯಿಟ್ಟ. "ನಿಮ್ಮಾಣಿ, ಇದರಾಗ ನನ್ನ ಪದ ಒಂದೂ ಹಾಕಾಂಗಿಲ್ರಿ" ಎಂದ.

ಆಟಕ್ಕೆ ಒಂದು ದೊಡ್ಡ ನಾಟಕ ಕಂಪನಿಯ ಮಾಲಕರು ಬಂದಿದ್ದರು. ಸಿಂದಗಿಯಲ್ಲಿ ಅವರು ಡೇರೆ ಹಾಕಿದ್ದರು. ದಸ್ತಗೀರನ ದನಿಯ ಸುದ್ದಿ ಕೇಳಿ ನೋಡಲು ಬಂದವರು. ಮೆಚ್ಚಿದರೆ ಕಂಪನಿಗೆ ಸೇರಿಸಿಕೊಳ್ಳುವವರಿದ್ದರು. ದಸ್ತಗೀರನಿಗೆ ಬೇಕಾದದ್ದು ಅದೊಂದೇ. ಅವನ ತಾಯಿ ಬೆಳಗ್ಗೆಯೇ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತೆಹಾ ಓದಿಸಿಕೊಂಡು ಬಂದಿದ್ದಳು. ಮಾಲಕರು ಕಡೆಯ ಬಸ್ಸಿಗೆ ಹಿಂತಿರುಗಬೇಕಿದ್ದರಿಂದ ಇಳಿಹೊತ್ತಿಗೇ ಆಟ ಶುರು ಮಾಡಿದೆವು.

ಮೊದಲ ಅಂಕದಿಂದಲೇ ಜನ ದಸ್ತಗೀರನ ಬೆನ್ನು ಹತ್ತಿದರು. ಅವನು ಯಂತ್ರದ ಕಡೆ ತಿರುಗಿ "ಇದಕ್ಕ ಎಣ್ಣಿ ಯಾರ ಹಾಕ್ಯಾರ?" ಅಂದರೆ ಚಪ್ಪಾಳೆ. ಮಂಗಳಲೋಕದವನ ಹೆಗಲ ಮೇಲೆ ಕೈ ಹಾಕಿ "ನೀವೂ ನಮ್ಮ ತಾಲೂಕಿನವರಂಗ ಕಾಣ್ತೀರಿ" ಅಂದರೆ ಸಿಳ್ಳೆ. ನಾನು ತಿಂಗಳುಗಟ್ಟಲೆ ತಿದ್ದಿ ಬರೆದ ಮಾತುಗಳಿಗೆ ಒಬ್ಬರೂ ಕೈ ತಟ್ಟಲಿಲ್ಲ. ಪೆಟ್ಟಿಗೆಯೊಳಗೆ ಬೆವರು ಸುರಿಯುತ್ತಿತ್ತು, ಮೊಳೆ ಬೆನ್ನಿಗೆ ಒತ್ತುತ್ತಿತ್ತು. ಮಾಲಕರು ಕೂತದ್ದು ನನಗೆ ತೀರಾ ಹತ್ತಿರ. ಅವರು ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು — "ನಾಟಕ ಏನೈತಿ ಬಿಡ್ರಿ, ಗಾಳಿ ಮಾತು. ಹುಡುಗ ಮಾತ್ರ ಬಂಗಾರ."

ಗಾಳಿ ಮಾತು.

ಕಡೆಯ ಅಂಕ ಬಂತು. ಪೇಟಿ ನಿಂತಿತು. ಬೇರೆ ಲೋಕದ ರಾಜ "ನೀವು ಯಾರು?" ಎಂದು ಕೇಳಿದ. ದಸ್ತಗೀರ ಯಂತ್ರದ ಕಡೆ ಬಗ್ಗಿದ. ನಾನು 'ನಾವು' ಎನ್ನಬೇಕಿತ್ತು. ಅಷ್ಟೇ. ಎರಡೇ ಅಕ್ಷರ.

ಅನ್ನಲಿಲ್ಲ.

ಒಂದು ಗಳಿಗೆ ಬೆವರಲಿ, ಬುದ್ಧಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆನೇ? ಹಾಗೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆ ಕಳೆದ ಮೇಲೂ ನಾನು ಬಾಯಿ ತೆರೆಯಲಿಲ್ಲ. ಅವನು ಇನ್ನೂ ಬಗ್ಗಿದ. ಬೇಗಡೆಯ ಸಂದಿನಲ್ಲಿ ಅವನ ಕಿವಿ ನನ್ನ ಬಾಯಿಗೆ ಗೇಣಿನಷ್ಟು ದೂರದಲ್ಲಿತ್ತು. "ಮಾಸ್ತರ್, ಹೇಳ್ರಿ" ಎಂದು ಪಿಸುಗುಟ್ಟಿದ. ಮತ್ತೆ ಸ್ವಲ್ಪ ತಡೆದು, "ಸಿಟ್ಟಾಗೀರೇನ್ರಿ?" ಎಂದ.

ಅವನು ಒಂದು ಚೇಷ್ಟೆ ಮಾತು ಆಡಿ ಪಾರಾಗಬಹುದಿತ್ತು. ಅವನಿಗೇನು ಅದು ಕಷ್ಟವೇ? ಊರೆಲ್ಲ ಅದಕ್ಕೇ ಕಾಯುತ್ತಿತ್ತು. ಆಡಲಿಲ್ಲ. ನನಗೆ ಆಣೆ ಕೊಟ್ಟಿದ್ದ. ತನ್ನ ಪದ ಒಂದೂ ಹಾಕದೆ, ನನ್ನ ಪದಕ್ಕಾಗಿ ಕಾಯುತ್ತ ನಿಂತ. ಜನ ಮೊದಲು ನಕ್ಕರು, ಆಮೇಲೆ ಕೂಗಿದರು, ಯಾರೋ ಹಿಂದಿನಿಂದ "ಯಂತ್ರ ಕೆಟ್ಟೈತಿ, ಇಳೀರಿ ಕೆಳಗ" ಎಂದು ಅರಚಿದರು. ಗುರುಪಾದಪ್ಪ ಪರದೆ ಎಳೆಸಿದ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಕೆಟ್ಟ ಸಂಜೆ ಎಂದು ಮರೆಯಬಹುದಿತ್ತು. ಮುಗಿಯಲಿಲ್ಲ, ನಾನು ಮುಗಿಯಗೊಡಲಿಲ್ಲ. ಪರದೆಯ ಹಿಂದೆ ದಸ್ತಗೀರ ನನ್ನ ಬಳಿ ಬಂದ. ಮಾಲಕರೂ ಅಲ್ಲಿಗೇ ಬಂದಿದ್ದರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ನೀವು ಹೇಳಿದ್ರೇನ್ರಿ ಮಾಸ್ತರ್? ನನಗ ಕೇಳಸಲೇ ಇಲ್ಲ" ಎಂದ. ನಿಜ ಹೇಳಲು ಅದಕ್ಕಿಂತ ಸುಲಭದ ದಾರಿ ಯಾರು ಕೊಡುತ್ತಾರೆ? ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಹೇಳಿದ್ನಲ್ಲೋ" ಎಂದೆ. "ಎರಡ ಸಲ ಹೇಳೀನಿ."

ಅವನು ನಂಬಿದ. ನಾನು ಮಾಸ್ತರ, ಸುಳ್ಳು ಹೇಳುವವನಲ್ಲ. ಸಿಟ್ಟಾಗೀರೇನು ಎಂದು ತಾನೇ ಕೇಳಿದ್ದನ್ನೂ ಮರೆತು ನಂಬಿದ. ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ಮಾಲಕರು ಲೊಚಗುಟ್ಟಿದರು. "ಕಿವಿ ಮಂದ ಅದಾವೇನು ಹುಡುಗಂದು? ಹಂಗಾರ ಪೇಟಿ ಸ್ವರ ಹ್ಯಾಂಗ ಹಿಡಿತಾನ?" ಎಂದು ಬಸ್ಸಿಗೆ ಹೊರಟರು.

ಅವನ ತಾಯಿ ಬೆಳ್ಳುಳ್ಳಿ ಎಣ್ಣೆ ಕಾಸಿ ಕಿವಿಗೆ ಬಿಟ್ಟಳು. ಬಿಜಾಪುರದ ಡಾಕ್ಟರು ಏನೂ ಆಗಿಲ್ಲ ಎಂದರು. ದಸ್ತಗೀರ ಒಪ್ಪಲಿಲ್ಲ. "ಒಮ್ಮೊಮ್ಮೆ ಬಂದ್ ಆಗ್ತೈತ್ರಿ, ಮಾಸ್ತರ್ ಎರಡ ಸಲ ಹೇಳ್ಯಾರ" ಎಂದು ನನ್ನನ್ನೇ ಸಾಕ್ಷಿ ಹಾಕಿದನಂತೆ. ಮರುವರ್ಷ ನಾಟಕಕ್ಕೆ ಕರೆದರೆ ಬರಲಿಲ್ಲ. ಸವಾಲು ಕೂಗುವಾಗಲೂ ಒಬ್ಬೊಬ್ಬರನ್ನು ಎರಡೆರಡು ಸಲ ಕೇಳತೊಡಗಿದ. ಯಾರಾದರೂ ಕೂಗಿದ್ದು ತನಗೆ ತಪ್ಪಿಹೋದೀತು ಎಂಬ ಭಯ. ವ್ಯಾಪಾರಸ್ಥರು ಬೇಸತ್ತು ಬೇರೆಯವರನ್ನು ನಿಲ್ಲಿಸಿದರು. ಆ ದನಿಯ ಮನುಷ್ಯ ಮೂಲೆಯಲ್ಲಿ ಕೂತು ಹಣ್ಣು ಆರಿಸಿ ಬುಟ್ಟಿಗೆ ತುಂಬುವುದನ್ನು ನಾನು ಸಾಲಿಗೆ ಹೋಗುತ್ತ ಬರುತ್ತ ನೋಡಿದೆ. "ನಮಸ್ಕಾರ್ರಿ ಮಾಸ್ತರ್" ಎನ್ನುತ್ತಿದ್ದ. ನಾನೂ ನಮಸ್ಕಾರ ಎನ್ನುತ್ತಿದ್ದೆ — ಜೋರಾಗಿ, ಕಿವುಡನಿಗೆ ಅನ್ನುವ ಹಾಗೆ. ಥೂ!

ನಮ್ಮ ಕಡೆಗೂ ಟಿ.ವಿ. ಬಂದ ಮೇಲೆ ಒಮ್ಮೆ ಮೊಮ್ಮಗ ಅಂಥದೇ ಹಡಗಿನ ಧಾರಾವಾಹಿ ಹಾಕಿದ. ಜೀವನವಿಡೀ ನೋಡಬೇಕೆಂದಿದ್ದದ್ದು. ನಾಯಕ ಯಂತ್ರವನ್ನು ಏನೋ ಕೇಳಿದ, ಯಂತ್ರ ಥಟ್ಟನೆ ಉತ್ತರ ಹೇಳಿತು. ಎದ್ದು ಹೊರಗೆ ಹೋದೆ.

ಕಳೆದ ವಾರ ಅವನ ಮನೆಗೆ ಹೋದೆ. ಹೆಂಡತಿ ಖೈರುನಬಿ ಹೊರಸು ಹಾಕಿ ಚಹಾಕ್ಕಿಟ್ಟಳು. ನಾನು ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದದ್ದಕ್ಕಿಂತ ಕೆಟ್ಟದಾಗಿ, ತೊದಲುತ್ತ. ಅವನು ಎಡಗಿವಿಯ ಹಿಂದೆ ಕೈ ಒಡ್ಡಿಕೊಂಡು ಪೂರ್ತಿ ಕೇಳಿದ. ಆಮೇಲೆ ಕೇಳಿದ, "ಹಂಗಾದ್ರ ಅವತ್ತ ನನ್ನ ಕಿವಿ ಚಲೋ ಇದ್ವೇನ್ರಿ?"

"ಚಲೋ ಇದ್ವು" ಎಂದೆ.

ಕೈ ಕೆಳಗಿಳಿಸಿದ. ನನಗೆ ತಡೆಯಲಾಗಲಿಲ್ಲ. "ಬೈಯೋ ದಸ್ತಗೀರ, ಎರಡ ಮಾತ ಬೈ ನನಗ" ಎಂದೆ.

"ಬೈದ್ರ ನಿಮಗ ಹಗುರ ಆಕ್ಕೈತ್ರಿ. ಒಲ್ಲೆ" ಎಂದ. ಮತ್ತೆ ಹೇಳಿದ, "ನನ್ನ ಮಕ್ಕಳು ಹುಟ್ಟಿದಾಗಿಂದ ನನ್ನ ಕೂಡ ಚೀರೇ ಮಾತಾಡ್ತಾರ್ರಿ ಮಾಸ್ತರ್. ಮೆಲ್ಲಕ ಮಾತಾಡಿದ್ದು ನನಗ ಗೊತ್ತಿಲ್ಲ. ಅವರ ಮುಂದ ಹೇಳ್ರಿ ಇದನ್ನ."

ಮಕ್ಕಳಿಬ್ಬರೂ ತೋಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಕೂತೆವು. ಖೈರುನಬಿ ಚಹಾ ಕೊಡಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ದೊಡ್ಡ ಮಗ ಹೊಸ್ತಿಲಲ್ಲಿ ಕಾಲಿಡುತ್ತಲೇ ಅಭ್ಯಾಸದಂತೆ ಅಪ್ಪನಿಗೆ ಕೇಳಲೆಂದು ಕೂಗಿದ, "ಅಬ್ಬಾ, ಯಾರ ಬಂದಾರ?"

ದಸ್ತಗೀರ ನನ್ನ ಕಡೆ ತಿರುಗಿದ. ನಾನು ಎದ್ದು ನಿಂತು ಹೇಳಿದೆ.