ಡೈರಿ ಮುಂದೆ ಹಸಿರಾದ ಚೀಟಿ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಸೊಸೆ ಹಾಲಿನ ಡೈರಿ ಮುಂದೆ ಹಳದಿ ಚೀಟಿಗಳನ್ನು ಹಿಡಿದು ನಿಂತಿದ್ದಳು. ಕ್ಯೂನಲ್ಲಿದ್ದ ಹೆಂಗಸರೆಲ್ಲ ಕ್ಯಾನಿನ ಮುಚ್ಚಳ ಒತ್ತಿ ಹಿಡಿದು, ಸೂಜಿ ಚುಚ್ಚುವವರು ಬಂದರೇನೋ ಎಂಬಂತೆ ದೂರ ಸರಿಯುತ್ತಿದ್ದರು.

ಸೊಸೆ ಹೆಸರು ರೂಪಾ. ಹಾಸನದ ಕಾಲೇಜಿನಲ್ಲಿ ಹಸುಗಳ ಕೆಚ್ಚಲು ಬಾವಿನ ಮೇಲೆ ವರ್ಷಗಟ್ಟಲೆ ರಿಸರ್ಚ್ ಮಾಡಿದವಳು.

ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲಿನಲ್ಲಿ ಗೊತ್ತಾಗುತ್ತದಂತೆ. ಚೀಟಿಗೆ ಹಾಲು ಬಿಟ್ಟರೆ, ಒಳ್ಳೆ ಹಾಲಾದರೆ ಹಳದಿಯಾಗೇ ಇರುತ್ತದೆ, ಬಾವು ಇದ್ದರೆ ಹಸಿರಾಗುತ್ತದೆ. ಆ ಚೀಟಿ ಮಾಡಿದ್ದು ಇವಳೇ.

ಅದನ್ನೇ ಕಂಪನಿ ಮಾಡುತ್ತೇನೆ ಅಂತ ಲೆಕ್ಚರರ್ ಕೆಲಸ ಬಿಟ್ಟಳು. "ಚೀಟಿ ಮಾರಕ್ಕೆ ಇಷ್ಟು ಓದ್ಬೇಕಿತ್ತೇನಮ್ಮಿ, ಸಂತೇಲಿ ಸೊಪ್ಪು ಮಾರಿದ್ರೂ ಆಯ್ತಿತ್ತು" ಅಂದಿದ್ದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆಯಲ್ಲ...

ಕಂಪನಿ ಶುರು ಮಾಡಲು ಕಾಲೇಜಿನವರು ಒಂದು ರೂಮು, ಮಿಷನ್ನು ಕೊಟ್ಟಿದ್ದರು. ಹಸು ಸಾಕುವವರು ಚೀಟಿ ಬಳಸಿದರೆ ಮಾತ್ರ ಅದು ಉಳಿಯುವುದು, ಇಲ್ಲದಿದ್ದರೆ ವಾಪಸ್. ಬಳಸುತ್ತಾರಾ ಅಂತ ನೋಡಲೆಂದೇ ಅವಳ ಪ್ರೊಫೆಸರ್ ಬಂದು ಡೈರಿ ಜಗಲಿ ಮೇಲೆ ಕೂತಿದ್ದರು.

ಒಬ್ಬರೂ ಹಾಲು ಕೊಡುತ್ತಿಲ್ಲ.

ಯಾಕೆ ಕೊಡುತ್ತಾರೆ? ಚೀಟಿ ಹಸಿರಾದರೆ ಹಾಲು ಡೈರಿಗೆ ಹೋಗಲ್ಲ. ಅದಕ್ಕಿಂತ ಹೆಚ್ಚಾಗಿ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆಮೇಲೆ ಆ ಹಸು ಮಾರುತ್ತೇನೆಂದರೂ ಕೊಳ್ಳುವವರಿಲ್ಲ.

ಪಕ್ಕದ ಮನೆ ಜಯಮ್ಮ ಬೇರೆ ಕೆಣಕಿದಳು. "ಅಕ್ಕೋ, ನಿನ್ ಸೊಸೆ ಚೀಟಿಗೆ ನೀನೇ ಹಾಲ್ ಕೊಡ್ನಿಲ್ಲ, ನಾವ್ ಕೊಡಾನಾ?"

"ನನ್ ಗೌರಿ ಹಾಲು ಕಣೆ ಇದು. ಚೀಟಿ ನಾಚ್ಕಂಡು ಇನ್ನೂ ಹಳದಿ ಆಯ್ತದೆ, ನೋಡ್ಕೊ" ಅಂತ ಕ್ಯಾನ್ ಮುಂದಿಟ್ಟೆ.

ಹಸಿರಾಯಿತು.

ಭತ್ತದ ಪೈರಿನ ಹಾಗೆ ಹಸಿರು.

ಚೀಟಿ ಮುಚ್ಚಿಡು ಅಂತ ರೂಪಾಗೆ ಕಣ್ಸನ್ನೆ ಮಾಡಿದೆ. ಬ್ಯಾಗಿಗೆ ಹಾಕಿಕೊಂಡಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ.

ಅವಳು ಮುಚ್ಚಲಿಲ್ಲ. "ಅತ್ತೆ, ಗೌರಿಗೆ ಒಳಗೇ ಬಾವು ಶುರುವಾಗಿದೆ. ಈ ಹಾಲು ಡೈರಿಗೆ ಬೇಡ" ಅಂದಳು. ಎಲ್ಲರಿಗೂ ಕೇಳುವ ಹಾಗೆ.

ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಅತ್ತೆ ಬಾಯಿ ಮುಚ್ಸಕ್ಕೇ ಇಷ್ಟ್ ವರ್ಸ ಓದವ್ಳೆ ಕಣ್ರೇ."

ತುಂಬಿದ ಕ್ಯಾನ್ ಹಿಡಿದು ಮನೆಗೆ ನಡೆದೆ. ದಾರಿಯುದ್ದಕ್ಕೂ ಬೈದೆ. ಅವಳು ಚೀಟಿಗಳನ್ನು ಹಿಡಿದುಕೊಂಡೇ ಹಿಂದೆ ಬಂದಳು.

ಕೊಟ್ಟಿಗೆಯಲ್ಲಿ ಕೂತು ಒಂದೊಂದು ಮೊಲೆಯ ಹಾಲನ್ನೂ ಬೇರೆ ಬೇರೆ ಚೀಟಿಗೆ ಹಿಂಡಿದಳು. ಮೂರು ಹಳದಿ. ಹಿಂದಿನ ಬಲಗಡೆಯದು ಮಾತ್ರ ಹಸಿರು.

ಮುಟ್ಟಿ ನೋಡುತ್ತೇನೆ... ಬಿಸಿಯಿಲ್ಲ, ಗಂಟಿಲ್ಲ. ಗೌರಿ ಆರಾಮಾಗಿ ಮೆಲುಕು ಹಾಕುತ್ತಿದ್ದಾಳೆ.

ಕಟ್ಟಾಯದಿಂದ ದನದ ಡಾಕ್ಟರು ಬಂದು ಔಷಧಿ ಕೊಟ್ಟರು. "ಇನ್ನೂ ತಡ ಮಾಡಿದ್ರೆ ಈ ಮೊಲೆ ಬತ್ತೋಗ್ತಿತ್ತು ಅಜ್ಜಿ" ಅಂದರು. ಗೌರಿಯ ತಾಯಿಗೆ ಹಾಗೇ ಆಗಿತ್ತು. ಸಾಯುವವರೆಗೂ ಮೂರೇ ಮೊಲೆಯಲ್ಲಿ ಹಾಲು ಕೊಟ್ಟಳು ಪಾಪ.

ಅವತ್ತು ಸಂಜೆ ಯಾರೋ ಹಿತ್ತಲ ಬಾಗಿಲು ತಟ್ಟಿದರು. ನೋಡಿದರೆ ಜಯಮ್ಮ, ಸೆರಗಿನೊಳಗೆ ಒಂದು ಲೋಟ ಹಾಲು.

"ಅತ್ತೆ ಹಾಲ್ನೇ ಬಿಡ್ದೋಳು, ನಂಗೇನು ಸುಳ್ ಏಳ್ತಾಳಾ... ಯಾರ್ಗೂ ಏಳ್ಬ್ಯಾಡ ಕಣಕ್ಕ."

ಅವಳ ಚೀಟಿ ಹಳದಿಯಾಗೇ ಉಳಿಯಿತು. ಬಂದದ್ದು ಹಿತ್ತಲಿಂದ, ಹೋದದ್ದು ಎದೆ ಸೆಟೆಸಿಕೊಂಡು ಬೀದಿ ಬಾಗಿಲಿಂದ.

ಆಮೇಲೆ ದಿನಾ ಒಬ್ಬರಲ್ಲ ಒಬ್ಬರು ಲೋಟ ಹಿಡಿದು ಹಿತ್ತಲಿಗೆ ಬಂದರು. ಡೈರಿ ಮುಂದೆ ಬೇಡ, ಅವರವರ ಕೊಟ್ಟಿಗೆಯಲ್ಲೇ ನೋಡಿಕೊಳ್ಳಲಿ ಅಂತ ರೂಪಾ ಚೀಟಿಗಳನ್ನು ಪ್ಯಾಕೆಟ್ ಮಾಡಿ ಮಾರತೊಡಗಿದಳು. ರೂಮು ಅವಳಿಗೇ ಉಳಿಯಿತು ಅಂತ ಪ್ರೊಫೆಸರ್ ಫೋನ್ ಮಾಡಿದರು. ಕಂಪನಿ ರಿಜಿಸ್ಟ್ರೇಷನ್ನೂ ಆಗಿದೆ.

ಔಷಧಿ ಮುಗಿದು, ಇವತ್ತು ಗೌರಿ ಹಾಲು ಮತ್ತೆ ಡೈರಿಗೆ ಹೋಯಿತು, ನಾಲ್ಕೂ ಮೊಲೆಯದು. ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದೆ.

ರೂಪಾಗೆ ಎದುರಾ ಎದುರು ಒಳ್ಳೆ ಮಾತು ಹೇಳಲು ನನ್ನ ಬಾಯಿಗೆ ಅಭ್ಯಾಸವಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ, ಅವಳು ಓದುತ್ತಾಳೆ.

ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದವರಿಗೆ ನೀವು ಯಾವತ್ತಾದರೂ ಥ್ಯಾಂಕ್ಸ್ ಹೇಳಿದ್ದೀರಾ?