ಅತ್ತಿಗೆ ಆರಿಸಿದ ಆಂಪ್ಲಿಫೈಯರ್

ನಮ್ಮದು ಹೆಂಗಸರ ತಾಳಮದ್ದಲೆ ತಂಡ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದರ ಅರ್ಥ ಹೇಳುತ್ತ ಒಬ್ಬರ ಮೇಲೊಬ್ಬರು ವಾದಕ್ಕೆ ಬೀಳುತ್ತಾರೆ. ಕುಮಟೆಯಲ್ಲಿ ರವಿಕೆ ಹೊಲಿಯುವ ನನ್ನ ಬಾಯಿಗೆ ಇಡೀ ದಿನ ಬಿಡುವಿಲ್ಲ. ರಜಾದಿನದಲ್ಲೂ ಬಿಡುವು ಬೇಡವೆಂದು ಅರ್ಥಧಾರಿಯಾದೆ. ನನ್ನ ಎದುರಾಳಿ ಹೊನ್ನಾವರದ ಗೆಳತಿ, ಬ್ಯಾಂಕಿನಲ್ಲಿ ಕ್ಯಾಷಿಯರ್. ಕೌಂಟರಿನ ಹಿಂದೆ ಹತ್ತು ಸಲ ಕೇಳಿದರೂ ಉತ್ತರ ಕೊಡದವಳು ತಾಳಮದ್ದಲೆಯಲ್ಲಿ ಕೇಳದಿದ್ದರೂ ಕೊಡುತ್ತಾಳೆ. ಭಾಗವತಿಕೆ ನನ್ನ ಅಣ್ಣನ ಹೆಂಡತಿಯದು. ಅತ್ತಿಗೆಯ ಸ್ವರ ತೆಳು, ಆದರೆ ಶ್ರುತಿ ಬಿಟ್ಟು ಆಚೀಚೆ ಹೋಗುವುದಿಲ್ಲ.

ಅರ್ಥ ಹೇಳುವವರು ಎಷ್ಟು ಹೊತ್ತು ಬೇಕಾದರೂ ಹೇಳಬಹುದು. ನಿಲ್ಲಿಸುವ ಅಧಿಕಾರ ಇರುವುದು ಭಾಗವತರೊಬ್ಬರಿಗೆ. ಸಾಕೆನಿಸಿದಾಗ ಅವರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿಕೊಂಡರೆ ಮುಗಿಯಿತು, ರಾಜನಿರಲಿ ಋಷಿಯಿರಲಿ ಬಾಯಿ ಮುಚ್ಚಲೇಬೇಕು. ಈ ಪದ್ಧತಿ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ತಾಳಮದ್ದಲೆಗಳು ಇನ್ನೂ ನಡೆಯುತ್ತಲೇ ಇರುತ್ತಿದ್ದವು.

ಶಿರಾಲಿಯಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ. ಬಾಡಿಗೆಯ ಮೈಕ್ ಸೆಟ್ಟು. ನಾನು ರಾಯಭಾರಿ, ಗೆಳತಿ ರಾಜ. ಇಬ್ಬರಿಗೂ ಹುರುಪೋ ಹುರುಪು. ಅತ್ತಿಗೆ ಮತ್ತೆ ಮತ್ತೆ ಪದ್ಯ ಎತ್ತಿದಳಂತೆ, ನಮಗೆ ಕೇಳಲೇ ಇಲ್ಲ. ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬಾಕೆ ಪ್ರೀತಿಯಿಂದಲೇ ಅತ್ತಿಗೆಯ ಕೈ ಹಿಡಿದು, “ಅಕ್ಕ, ನೀವು ತಾಳ ಹಾಕಿದ್ದು ಬಾಳ ಚಲೋ ಆಯ್ತು. ಹಾಡೂಕೆ ಯಾರಿದ್ರು?” ಎಂದು ಕೇಳಿದಳು.

ಅಲ್ಲಿ ನಕ್ಕ ಅತ್ತಿಗೆ ಬಸ್ಸಿನಲ್ಲಿ ನಗಲಿಲ್ಲ. “ಇನ್ನೊಂದ್ಸಲ ಹಿಂಗೇ ಆದ್ರೆ ಆನು ತಾಳ ಮುಟ್ತ್ನಿಲ್ಲೆ” ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ತಂಡ ಮುರಿಯುತ್ತದೆ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ಅಂಚೆ ಕಚೇರಿಯ ಕೆಲಸಕ್ಕೆ ಹೊರಡುವ ಮುಂಚೆ ದೋಸೆ ಎರೆಯುತ್ತ ಏನಾದರೂ ಗುನುಗುವುದು ಅತ್ತಿಗೆಯ ರೂಢಿ. ಆ ವಾರ ಅದೂ ನಿಂತುಹೋಯಿತು. ಅಣ್ಣ ದೋಸೆಗೆ ಉಪ್ಪು ಕಡಿಮೆಯಾಗಿದೆ ಎಂದ. ಉಪ್ಪು ಸರಿಯಾಗಿಯೇ ಇತ್ತು. ನನಗೆ ತಡೆಯಲಾಗಲಿಲ್ಲ. ನಮ್ಮದೇ ಆಂಪ್ಲಿಫೈಯರ್ ಕೊಳ್ಳೋಣ ಎಂದು ಅತ್ತಿಗೆ, ಗೆಳತಿ ಇಬ್ಬರನ್ನೂ ಹೊರಡಿಸಿದೆ.

ಕುಮಟೆ ಪೇಟೆಯ ಅಂಗಡಿಯವ ನಮ್ಮನ್ನು ನೋಡಿದ್ದೇ ಭಜನೆಗೆ ಬೇಕಾಗುವ ಪುಟ್ಟ ಪೆಟ್ಟಿಗೆಯೊಂದನ್ನು ಮುಂದಿಟ್ಟ. ನನಗೆ ಸಿಟ್ಟು ಬಂತು. “ಭಜನೆಗಲ್ಲ, ಯುದ್ಧಕ್ಕೆ ಬೇಕು” ಎಂದೆ. ಅವನು ಒಳಗಿನಿಂದ ಇಬ್ಬರು ಹೊರುವಂಥದ್ದನ್ನು ತರಿಸಿದ.

“ಇದನ್ನ ಹಚ್ಚಿದ್ರೆ ಓಂ ಬೀಚಿನಲ್ಲಿ ಮಲಗಿದ್ದವ್ರೂ ಎದ್ದು ಕೂರ್ತ್ರು ಅಕ್ಕ. ಆದ್ರೆ ಮೈಕಿಗೆಲ್ಲ ಒಂದೇ ವಾಲ್ಯೂಮು. ಬೇರೆ ಬೇರೆ ಬೇಕಾದ್ರೆ ಮಿಕ್ಸರ್ ತಕಣಬೇಕು.”

“ಮಿಕ್ಸರ್ ಮನೆಯಲ್ಲೇ ಇದ್ದು, ಹೋದ ತಿಂಗಳು ತಗಂಡಿದ್ದೇಯ” ಎಂದೆ ನಾನು.

ಅಂಗಡಿಯವ ಮೇಲೆ ನೋಡಿದ. ಗೆಳತಿ ನನ್ನ ಕಿವಿಯಲ್ಲಿ, “ಅದು ಚಟ್ನಿ ಮಾಡೂದಲ್ಲ ಮಾರಾಯ್ತಿ” ಎಂದಳು. ಆದರೂ ನನ್ನ ಮನಸ್ಸು ಆ ದೊಡ್ಡ ಪೆಟ್ಟಿಗೆಯ ಮೇಲೇ ಇತ್ತು.

ಅಂಗಡಿಯವ ಮೂರು ಮೈಕು ಸಿಕ್ಕಿಸಿ, ಹಲೋ ಹಲೋ ಹೇಳಿ ನೋಡಿ ಎಂದ. ತಾಳಮದ್ದಲೆಯವರ ಕೈಗೆ ಮೈಕು ಕೊಟ್ಟು ಬರೀ ಹಲೋ ಎನ್ನಿ ಎಂದರೆ ಆಗುತ್ತದೆಯೇ? “ಎಲೈ ರಾಜನೇ” ಎಂದೆ. ಗೆಳತಿ ಉತ್ತರ ಕೊಡದೆ ಇರಲಾರಳು, ಕೊಟ್ಟಳು. ಫ್ಯಾನು ರಿಪೇರಿಗೆ ತಂದವರು ಫ್ಯಾನು ಕೆಳಗಿಟ್ಟು ನಿಂತರು. ಎದುರಿನ ಪಾತ್ರೆ ಅಂಗಡಿಯವನೂ ಬಂದ. ಅತ್ತಿಗೆ ಪದ್ಯ ಎತ್ತಿದಳು, ಯಾರಿಗೂ ಕೇಳಲಿಲ್ಲ. ಅಂಗಡಿಯವ ಸೌಂಡು ಏರಿಸಿದ, ಅದರ ಜೊತೆ ನಾವೂ ಏರಿದೆವು. ಸ್ಪೀಕರು ಕುಂಯ್ ಎಂದು ಕಿರುಚಿದ ಮೇಲಷ್ಟೇ ನಾವು ಸುಮ್ಮನಾದದ್ದು.

ಅತ್ತಿಗೆ ಮೈಕು ಕೆಳಗಿಟ್ಟಳು. “ಎಲ್ಲರನ್ನೂ ದೊಡ್ಡ ಮಾಡಿರೆ ಆನು ಮತ್ತೆ ಸಣ್ಣವ್ಳೇ ಅಲ್ದಾ?”

ಅಷ್ಟು ಸರಳವಾದದ್ದು ನಮಗೆ ಹೊಳೆದಿರಲಿಲ್ಲ.

ಅಂಗಡಿಯವ ಕಪಾಟಿನಿಂದ ನಡುಗಾತ್ರದ ಒಂದನ್ನು ಇಳಿಸಿದ. ಶಕ್ತಿ ಕಡಿಮೆ, ಆದರೆ ಒಂದೊಂದು ಮೈಕಿಗೂ ಒಂದೊಂದು ಗುಂಡಿ. ಕರೆಂಟು ಹೋದರೆ ಬ್ಯಾಟರಿಗೂ ನಡೆಯುತ್ತದೆ. ಅತ್ತಿಗೆ ಒಂದು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ರಾಜನಿಗೆ ಬುದ್ಧಿ ಹೇಳುತ್ತಿದ್ದ ನನ್ನ ಸ್ವರ ಮಾಯ. ಮುಂದಕ್ಕೆ ತಿರುಗಿಸಿದಳು, ಬಂತು. ಇನ್ನೊಮ್ಮೆ ಮಾಯ ಮಾಡಿದಳು.

“ಈ ಗುಂಡಿ ಯಾರ ಹತ್ರ ಇರ್ತು?”

“ಪೆಟ್ಟಿಗೆ ಯಾರ ಬದಿಗೆ ಇರ್ತದೋ ಅವ್ರ ಹತ್ರ ಅಕ್ಕ.”

“ಹಂಗಾದ್ರೆ ಇದೇ ಆತು” ಎಂದಳು ಅತ್ತಿಗೆ. ನಾನು ವಾಟ್ಸು ಕಡಿಮೆಯೆಂದು ಮಾತು ತೆಗೆದೆ. ಗೆಳತಿ ಆಗಲೇ ಆಟೋ ಕರೆಯಲು ಹೊರಟಿದ್ದಳು.

ಮೊದಲ ಕಾರ್ಯಕ್ರಮ ಹೊನ್ನಾವರದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಪೆಟ್ಟಿಗೆ ಅತ್ತಿಗೆಯ ಎಡಗಡೆಗೆ, ಹಿಂದೆ ಆ ಊರಿನ ಚೆಂಡೆಯವರು. ಮತ್ತೆ ನಾನೇ ರಾಯಭಾರಿ. ನನ್ನ ಮಾತು ಅಂದು ಸರಾಗವಾಗಿ ಬರುತ್ತಿತ್ತು. ಒಂದು ವಾರ ರವಿಕೆಗೆ ಹುಕ್ಕು ಹಚ್ಚುತ್ತ ಹೊಂದಿಸಿದ ವಾಕ್ಯವೊಂದರ ಅರ್ಧಕ್ಕೆ ಬಂದಿದ್ದೆ. ರಾಜನಿಗೆ ಅದರಿಂದ ಏಳಲು ಸಾಧ್ಯವೇ ಇರಲಿಲ್ಲ. ಅಷ್ಟರಲ್ಲಿ ತಾಳ ಬಿತ್ತು.

ಸಿಟ್ಟು ನೆತ್ತಿಗೇರಿತು. ಬೇಕೆಂದೇ ಮುಂದುವರಿಸಿದೆ. ತುಟಿ ಅಲ್ಲಾಡಿತೇ ಹೊರತು ಸ್ಪೀಕರಿನಲ್ಲಿ ನಾನಿರಲಿಲ್ಲ. ರಾಜ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ.

ಆಮೇಲೆ ಪದ್ಯ ಕೇಳಿಸಿತು. ಚೆಂಡೆಯ ಮೇಲೆ ತೇಲಿಕೊಂಡು ಬಂದ ತೆಳು ಸ್ವರ, ಒಂದು ಅಕ್ಷರವೂ ಎಲ್ಲೂ ಜಾರದೆ ಕೊನೆಯ ಸಾಲಿನ ಕುರ್ಚಿಯವರೆಗೆ ಹೋಯಿತು. ಬಾಗಿಲಲ್ಲಿ ಮಾತಾಡುತ್ತಿದ್ದವರು ಮಾತು ಬಿಟ್ಟರು. ಎಷ್ಟೋ ವರ್ಷದಿಂದ ಅತ್ತಿಗೆಯ ಪಕ್ಕದಲ್ಲೇ ಕೂತವಳು ನಾನು. ಈ ಹಾಡು ಇಷ್ಟು ಚೆಂದವೆಂದು ಅಂದೇ ಗೊತ್ತಾದದ್ದು. ಕಣ್ಣು ತುಂಬಿಕೊಂಡಿತು, ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪದ್ಯ ಮುಗಿಯಿತು. ಅರ್ಥ ಹೇಳಬೇಕಾದವಳು ನಾನು. ಸಭೆ ಕಾಯುತ್ತಿತ್ತು. ನನಗೆ ಒಂದು ಮಾತೂ ಸಿಗಲಿಲ್ಲ.

ಅತ್ತಿಗೆ ನನ್ನ ಕಡೆ ಬಗ್ಗಿ, ಎದುರಿಗಿದ್ದ ಮೈಕನ್ನು ಮರೆತು, “ಎಂತದೇ ತಂಗಿ, ಖಾಲಿ ಆತಾ?” ಎಂದು ಪಿಸುಗುಟ್ಟಿದಳು. ಅದೂ ಸಭೆಗೆಲ್ಲ ಕೇಳಿಸಿತು.